ಪ್ರಮಾಣಪತ್ರ ಪಡೆದ ಬಾಯಿ

ತರಬೇತಿ ಪ್ರಮಾಣಪತ್ರಗಳನ್ನು ದಯಪಾಲಿಸುವ ಮಾನ್ಯ ಗ್ರಂಥಾಲಯ ಅಧಿಕಾರಿಗಳೇ,

ನಮ್ಮೂರು ಟ್ಯಾನರ್ಸ್ ಬ್ರೂಕ್‌ನ ಗ್ರಂಥಾಲಯ ಮಂಡಳಿಯ ಟ್ರಸ್ಟಿಯೊಬ್ಬರು ನನ್ನ ತಂಗಿ ಓದಲು ಒಯ್ದ ಪುಸ್ತಕ ಯಾವುದೆಂದು ಅವಳ ಗಂಡನಿಗೆ ಹೇಳಿದ್ದಾರೆ. ಟ್ರಸ್ಟಿಗಳಿಗೆ ಪ್ರತಿ ವರ್ಷ ಕಡ್ಡಾಯವಾದ ಎರಡು ಗಂಟೆಯ ತರಬೇತಿಯನ್ನು, ಅದರಲ್ಲೂ ಓದುಗರ ಗುಟ್ಟು ಕಾಯುವ ಪಾಠವನ್ನು, ಇವರು ‘ಯಶಸ್ವಿಯಾಗಿ’ ಮುಗಿಸಿದ್ದಾರೆಂದು ತಮ್ಮ ಕಚೇರಿಯೇ ಬರೆದುಕೊಟ್ಟಿದೆ. ಯಶಸ್ಸು ಎಂದರೆ ತಮ್ಮಲ್ಲಿ ಏನರ್ಥ?

ಆ ತರಬೇತಿಯ ಸಂಜೆ ನಾನೂ ಅಲ್ಲಿದ್ದೆ. ಹಳೆಯ ಪುಸ್ತಕಗಳ ಮಾರಾಟಕ್ಕೆಂದು ಪೆಟ್ಟಿಗೆ ಹೊತ್ತು ತಂದಿದ್ದೆ. ಗೋಡೆಯ ಮೇಲೆ ತಮ್ಮ ವಿಡಿಯೋ ಓಡುತ್ತಿತ್ತು. ಮಂಡಳಿಯವರು ಸೇಬಿನ ಪೈ ತಿನ್ನುತ್ತಾ ಪುಸ್ತಕಗಳಿಗೆ ಬೆಲೆಚೀಟಿ ಅಂಟಿಸುತ್ತಿದ್ದರು. “ಸ್ವಲ್ಪ ಸದ್ದು ಜಾಸ್ತಿ ಮಾಡ್ಲಾ?” ಎಂದೆ.

“ಬೇಡ ಬಿಡು ಗ್ರೆಟಾ, ನಾವು ಮಾತಾಡೋದು ಕೇಳ್ಸಲ್ಲ. ಅದರ ಪಾಡಿಗೆ ಅದು ಓಡ್ಲಿ. ಮುಗಿದ್ರೆ ಸರ್ಟಿಫಿಕೇಟ್ ಬರತ್ತೆ,” ಎಂದರು ಆ ಟ್ರಸ್ಟಿ ಮಹಾಶಯರು. ಪಾಠ ಗೋಡೆಗೆ ಆಯಿತು, ಪ್ರಮಾಣಪತ್ರ ಇವರಿಗೆ ಸಿಕ್ಕಿತು.

ಶನಿವಾರ ಗ್ರಂಥಪಾಲಕಿಗೆ ರಜೆ. ಟ್ರಸ್ಟಿಗಳೇ ಸರದಿಯಲ್ಲಿ ಕೌಂಟರ್ ನೋಡಿಕೊಳ್ಳುವುದು ನಮ್ಮಲ್ಲಿ ರೂಢಿ. ಇವರ ಸರದಿಯ ಒಂದು ಶನಿವಾರ ತಂಗಿ ನೋರೀನ್ ವಿಚ್ಛೇದನದ ಕಾನೂನು ತಿಳಿಸುವ ಪುಸ್ತಕ ಒಯ್ದಳು. ಮರುದಿನ ಅಗ್ನಿಶಾಮಕ ಠಾಣೆಯಲ್ಲಿ ಊರವರಿಗೆಲ್ಲ ಪ್ಯಾನ್‌ಕೇಕ್ ತಿಂಡಿ. ಟ್ರಸ್ಟಿಯವರು ತಟ್ಟೆಗೆ ಸಿರಪ್ ಸುರಿದುಕೊಳ್ಳುತ್ತಾ ಅವಳ ಗಂಡನ ಹೆಗಲು ತಟ್ಟಿದರು. “ಏನಯ್ಯಾ ಡ್ವೇನ್, ಮನೇಲಿ ಎಲ್ಲಾ ಸರಿ ಇದೆ ತಾನೆ? ನಿನ್ನ ಹೆಂಡ್ತಿ ಡಿವೋರ್ಸ್ ಪುಸ್ತಕ ತಗೊಂಡ್ಹೋದ್ಲು. ಲಾಯರ್ ಆಗ್ತಾಳೇನೋ.”

ಡ್ವೇನ್ ನಗಲಿಲ್ಲ. ಸಂಜೆಯೊಳಗೆ ಅವಳ ಕಾರಿನ ಕೀಲಿ, ಫೋನು ಎರಡೂ ಅವನ ಕೈ ಸೇರಿದವು. ಅವಳು ನಡೆದುಕೊಂಡೇ ನನ್ನ ಮನೆಗೆ ಬಂದಳು. ಮಕ್ಕಳನ್ನು ಅವನು ಕಳಿಸಿಲ್ಲ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ವಕೀಲರನ್ನು ಹುಡುಕೋಣ ಬಾ ಎಂದರೆ, “ಅಲ್ಲಿಗೆ ಮಾತ್ರ ಕರೀಬೇಡ ಅಕ್ಕಾ. ನಾನೇನು ನೋಡ್ದೆ ಅಂತ ರಾತ್ರಿಯೊಳಗೆ ಅವನಿಗೆ ಗೊತ್ತಾಗತ್ತೆ,” ಎನ್ನುತ್ತಾಳೆ.

ದೂರು ಕೊಟ್ಟರೆ ತಮ್ಮ ಉತ್ತರ ಒಂದೇ ಸಾಲು: ‘ಸದರಿ ಟ್ರಸ್ಟಿಯವರು ತರಬೇತಿ ಪೂರೈಸಿರುತ್ತಾರೆ.’ ಆಗಿನಿಂದ ನನಗೆ ಅನುಮಾನ. ಈ ತರಬೇತಿ ಇರುವುದು ಅವರಿಗೆ ಕಲಿಸುವುದಕ್ಕೋ, ಅವರನ್ನು ಕಾಪಾಡುವುದಕ್ಕೋ? ಆ ವಿಡಿಯೋವನ್ನು ತಾವಾದರೂ ಪೂರ್ತಿ ನೋಡಿದ್ದೀರಾ?

ಮಂಡಳಿಯ ಮುಂದಿನ ಸಭೆಗೆ ತಾವೇ ಬನ್ನಿ. ವಿಡಿಯೋ ತರಬೇಡಿ. ಊರವರ ಎದುರು ಆ ಟ್ರಸ್ಟಿಯವರನ್ನು ಒಂದೇ ಪ್ರಶ್ನೆ ಕೇಳಿ: ಓದುಗರು ಏನು ಓದುತ್ತಾರೆಂದು ಯಾರಿಗೆ ಹೇಳಬಹುದು? ಉತ್ತರ ಗೊತ್ತಿಲ್ಲದಿದ್ದರೆ ಪ್ರಮಾಣಪತ್ರ ಹಿಂದಕ್ಕೆ ಪಡೆಯಿರಿ. ಗೊತ್ತಿದ್ದರೆ, ಗೊತ್ತಿದ್ದೇ ಹೇಳಿದ್ದಾರೆ ಎಂದಾಯಿತು. ಆಗ ಕುರ್ಚಿಯನ್ನೇ ಹಿಂದಕ್ಕೆ ಪಡೆಯಿರಿ.

ಇಂತಿ,
ತಂಗಿಗೆ ಬೇಕಾದ ಪುಸ್ತಕಗಳನ್ನು ಈಗ ಪಕ್ಕದೂರಿನಿಂದ, ನನ್ನ ಹೆಸರಿನಲ್ಲಿ ತರುತ್ತಿರುವ
ಗ್ರೆಟಾ ವ್ಯಾನ್‌ಆರ್ಸ್‌ಡೇಲ್