ಹುಣಸೆಯಡಿ ಮಲಗಬೇಡ ಎಂದ ಹಿರಿಯರಿಗೆ

ಕೆಂಬಯಲು, ಮಂಗಳ ಗ್ರಹ
ನೂರ ಆರನೆಯ ವರ್ಷ, ಹದಿನೇಳನೆಯ ತಿಂಗಳ ನಲವತ್ತನೆಯ ತಾರೀಕು

ಭೂಮಿಯ ಮೇಲಿರುವ ನಮ್ಮ ಹಿರಿಯರಿಗೆ ಎಲೆಮನೆಯ ಹೊನ್ನೆ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಹದಿನೇಳನೆಯ ತಿಂಗಳೂ ಇಲ್ಲ, ನಲವತ್ತನೆಯ ತಾರೀಕೂ ಇಲ್ಲ ಎಂದು ನನಗೆ ಗೊತ್ತು. ನಮ್ಮ ನೆಲ ಸೂರ್ಯನಿಗೆ ಒಂದು ಸುತ್ತು ಬರುವಷ್ಟರಲ್ಲಿ ನೀವು ಹತ್ತಿರ ಹತ್ತಿರ ಎರಡು ಯುಗಾದಿ ಮುಗಿಸಿರುತ್ತೀರಿ. ನನ್ನ ಕನ್ನಡವೂ ಅಲ್ಲಲ್ಲಿ ಸೊಟ್ಟಗೆ ಕಂಡೀತು. ನೀವು ಕೊಟ್ಟ ಮಾತುಗಳಲ್ಲಿ ಕೆಲವು ಇಲ್ಲಿ ಕೆಲಸಕ್ಕೆ ಬರಲಿಲ್ಲ, ಬೇಕಾದ ಕೆಲವನ್ನು ನಾವೇ ಮಾಡಿಕೊಂಡೆವು. ದೊಡ್ಡವರು, ಹೊಟ್ಟೆಗೆ ಹಾಕಿಕೊಳ್ಳಿ.

ಇವತ್ತು ಹಿರಿಯರ ಹಬ್ಬ. ನಿಮಗೆ ಎಡೆ ಇಡುತ್ತೇವೆ, ಎಡೆಯ ಪಕ್ಕದಲ್ಲಿ ಊರಿನ ಒಬ್ಬರು ಬರೆದ ಕಾಗದ ಇಡುತ್ತೇವೆ. ಕಾಗದ ಹಿಂದಿನ ಕಾಲಕ್ಕೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ನಿಮ್ಮ ಹಿರಿಯರಿಗೆ ಎಡೆ ಹೇಗೆ ತಲುಪುತ್ತದೆ ಎಂದು ನೀವು ಎಂದಾದರೂ ಕೇಳಿದ್ದುಂಟೇ? ಎಲ್ಲರೂ ಕ್ಷೇಮಸಮಾಚಾರ ಬರೆಯುತ್ತಾರೆ. ಈ ಸಲ ಬರೆಯುವ ಸರದಿ ನನ್ನದು, ನನಗೆ ನಿಮ್ಮ ಮೇಲೆ ಒಂದು ತಕರಾರಿದೆ. ಅದನ್ನು ಹೇಳದೆ ಬಿಡುವವಳಲ್ಲ ನಾನು.

ಮೊದಲು ನಮ್ಮ ಊರು ತಿಳಿಯಲಿ. ನಾವು ಗುಡ್ಡದ ಹೊಟ್ಟೆಯೊಳಗೆ ಇರುವವರು. ಹೊರಗಿನ ಗಾಳಿ ಹೆಸರಿಗಷ್ಟೇ ಗಾಳಿ. ಅದನ್ನು ಉಸಿರಾಡಿದವರು ವಾಪಸು ಬಂದು ಕತೆ ಹೇಳುವುದಿಲ್ಲ. ಗುಡ್ಡದ ಬಿಸಿಲ ಮಗ್ಗುಲಿಗೆ ದಪ್ಪ ಗಾಜು ಹೊದಿಸಿದ ಉದ್ದನೆಯ ಮನೆಯೊಂದಿದೆ, ಅದೇ ಎಲೆಮನೆ. ರಾಗಿ, ಅವರೆ, ದಂಟು, ಬಸಳೆ, ನಡುವೆ ಒಂದಿಷ್ಟು ಕರಿಬೇವು. ಬಿಸಿಲು ಸಾಲದಾಗ ದೀಪ ಹಾಕುತ್ತೇವೆ. ನಾನು ಅದರ ಯಜಮಾನಿ. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು ಒಂದು ಎಲೆಯನ್ನಾದರೂ ಮುಟ್ಟಿ ಹೋಗಬೇಕು ಎನ್ನುವುದು ಇಲ್ಲಿನ ರೂಢಿ. ಅವರು ಮುಟ್ಟಿ ಮುಟ್ಟಿ ಬಾಗಿಲ ಹತ್ತಿರದ ಬಸಳೆ ಯಾವಾಗಲೂ ಸೊರಗಿರುತ್ತದೆ, ನನ್ನ ಬೈಗುಳವೂ ಯಾವಾಗಲೂ ನಡೆದಿರುತ್ತದೆ. ನಮ್ಮೂರಿನ ಜನರೆಲ್ಲರ ಹೆಸರೂ ನಿಮ್ಮಲ್ಲಿ ಬೆಳೆಯುವ, ನಾವು ಕಣ್ಣಾರೆ ಕಾಣದ ಗಿಡಮರಗಳದು.

ಎಲೆ ಮಾಡುವ ಕೆಲಸಕ್ಕೆ ನೀವು ದ್ಯುತಿಸಂಶ್ಲೇಷಣೆ ಎಂದು ದೊಡ್ಡ ಹೆಸರಿಟ್ಟು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಂತೆ. ನಾವು ಕಟ್ಟುವುದು ಎನ್ನುತ್ತೇವೆ, ಬುತ್ತಿ ಕಟ್ಟಿದ ಹಾಗೆ. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಎಲೆ ಎಳೆದುಕೊಳ್ಳುತ್ತದೆ, ಬೇರು ಕಳಿಸಿದ ನೀರನ್ನು ಅದಕ್ಕೆ ಕೂಡಿಸುತ್ತದೆ, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಬಿಸಿಲಿನ ಬಲ ಆ ಸಕ್ಕರೆಯೊಳಗೆ ಕಟ್ಟಿಟ್ಟ ಬುತ್ತಿಯಂತೆ ಉಳಿಯುತ್ತದೆ. ಕಟ್ಟುವಾಗ ಆಮ್ಲಜನಕ ಹೊರಗೆ ಬೀಳುತ್ತದೆ. ನಮಗೆ ಉಸಿರು ಅದೇ. ಆಮೇಲೆ ನಾವು ಮುದ್ದೆ ಉಣ್ಣುತ್ತೇವೆ. ಮೈಯ ಒಂದೊಂದು ಜೀವಕೋಶವೂ ಅದೇ ಆಮ್ಲಜನಕ ಹಿಡಿದು ಬುತ್ತಿ ಬಿಚ್ಚುತ್ತದೆ. ಒಳಗಿದ್ದ ಬಲ ಬಿಡುಗಡೆಯಾಗಿ ಎದೆ ಬಡಿಯುತ್ತದೆ, ಕೈ ಏಳುತ್ತದೆ, ನಾಲಿಗೆ ಜಗಳಕ್ಕೆ ನಿಲ್ಲುತ್ತದೆ. ಬಿಚ್ಚಿ ಉಳಿದ ನೀರು, ಇಂಗಾಲದ ಡೈಆಕ್ಸೈಡು ಮತ್ತೆ ಎಲೆಗೇ ಹೋಗುತ್ತವೆ. ಕೆಂಬಯಲಿನಲ್ಲಿ ಬದುಕು ಎಂದರೆ ಇಷ್ಟೇ, ಎಲೆ ಕಟ್ಟುತ್ತದೆ, ಮೈ ಬಿಚ್ಚುತ್ತದೆ.

ಆದರೆ ಕಟ್ಟುವ ಎಲೆಗೂ ಹಸಿವಿದೆ. ಅದರ ಜೀವಕೋಶಗಳೂ ಹಗಲು ರಾತ್ರಿ ಬಿಡದೆ ಬುತ್ತಿ ಬಿಚ್ಚುತ್ತಿರುತ್ತವೆ. ಹಗಲಲ್ಲಿ ಕಟ್ಟುವುದು ಎಷ್ಟೋ ಹೆಚ್ಚು, ಬಿಚ್ಚುವುದು ಕಡಿಮೆ, ಹಾಗಾಗಿ ನಮಗೆ ಮಿಗುತ್ತದೆ. ಕತ್ತಲಲ್ಲಿ ಕಟ್ಟುವ ಕೆಲಸ ನಿಲ್ಲುತ್ತದೆ, ಬಿಚ್ಚುವುದು ಮಾತ್ರ ನಡೆಯುತ್ತದೆ. ಆಗ ಎಲೆಯೂ ನಮ್ಮಂತೆ ಉಸಿರು ತೆಗೆದುಕೊಳ್ಳುವ ಪ್ರಾಣಿಯೇ. ನನ್ನ ತಕರಾರು ಶುರುವಾಗುವುದು ಇಲ್ಲಿಂದ.

ನಿಮಗೆ ಮಳೆಗಾಲವಿದ್ದಂತೆ ನಮಗೆ ಧೂಳ್ಗಾಲ. ಕೆಂಪು ಧೂಳು ಎದ್ದು ಆಕಾಶ ಮುಚ್ಚಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬಿಸಿಲಿನಿಂದ ಬರುವ ವಿದ್ಯುತ್ತೂ ಕುಂಟುತ್ತದೆ; ಇದ್ದಷ್ಟನ್ನು ಮನೆ ಬೆಚ್ಚಗಿಡಲು ಇಟ್ಟುಕೊಂಡು ಎಲೆಮನೆಯ ದೀಪ ಆರಿಸುತ್ತೇವೆ. ಅಷ್ಟು ದಿನ ಗಾಳಿಮನೆ ನಮ್ಮನ್ನು ಕಾಯುತ್ತದೆ. ಎಲೆಗಳು ಕೊಟ್ಟು ಮಿಕ್ಕಿದ ಆಮ್ಲಜನಕವನ್ನು ತೊಟ್ಟಿಗಳಲ್ಲಿ ತುಂಬಿಡುವ ಜಾಗ ಅದು. ಅದರ ಬಾಗಿಲ ಮೇಲೆ ಉಸಿರುಮುಳ್ಳು ಇದೆ, ತೊಟ್ಟಿಯಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು. ಗಾಳಿಮನೆಯ ಯಜಮಾನ ನಮ್ಮಣ್ಣ ಮತ್ತಿ.

ಹೋದ ಸಲದ ಧೂಳ್ಗಾಲ ಮುಗಿಯುವ ಲಕ್ಷಣವೇ ತೋರಲಿಲ್ಲ. ಮುಳ್ಳು ಕೆಂಪು ಗೆರೆಯ ಹತ್ತಿರ ಬಂತು. ಅದೇ ಹೊತ್ತಿಗೆ ಮತ್ತಿಯಣ್ಣನ ಒಬ್ಬಳೇ ಮಗಳು ಸುರಗಿ ಹೆರಿಗೆಗೆ ತವರಿಗೆ ಬಂದಿದ್ದಳು. ತವರು ಎಂದರೆ ಇಲ್ಲಿ ಎರಡು ಬಾಗಿಲು ಆಚೆ, ಆದರೂ ಶಾಸ್ತ್ರ ಶಾಸ್ತ್ರವೇ. ತಾಯಿಯಿಲ್ಲದ ಹುಡುಗಿ, ನಾನು ಎತ್ತಿ ಆಡಿಸಿದವಳು. ಹೆರುವ ಹೆಂಗಸಿನ ಮೈ ಬುತ್ತಿ ಮೇಲೆ ಬುತ್ತಿ ಬಿಚ್ಚುತ್ತದೆ, ಅವಳಿಗೆ ಉಸಿರು ಇನ್ನೂ ಹೆಚ್ಚು ಬೇಕು. ಅಣ್ಣ ಮುಳ್ಳಿನ ಮುಂದೆ ನಿಂತು ನಿಂತು ಒಂದು ದಿನ ಸಭೆ ಕರೆದ.

ಎಲೆಮನೆಯ ಗಿಡಗಳನ್ನೆಲ್ಲ ಕಿತ್ತುಬಿಡೋಣ ಎಂದ. ಕತ್ತಲಲ್ಲಿ ಅವು ಕೊಡುವುದಿಲ್ಲ, ತೆಗೆದುಕೊಳ್ಳುತ್ತವೆ. ಉಣ್ಣುವ ಬಾಯಿ ಕಡಿಮೆಯಾದರೆ ಉಳಿದವರಿಗೆ ಸಾಕಾಗುತ್ತದೆ ಎನ್ನುವುದು ಅವನ ಲೆಕ್ಕ. ಸಾಕ್ಷಿಗೆ ನಿಮ್ಮನ್ನೇ ಕರೆದ. ರಾತ್ರಿ ಹೊತ್ತು ಹುಣಸೆಮರದಡಿ ಮಲಗಬೇಡ, ಮರ ಉಸಿರು ಎಳೆದುಕೊಳ್ಳುತ್ತದೆ ಎಂದು ಹಿರಿಯರು ಸುಮ್ಮನೆ ಹೇಳಿದರೇ ಎಂದು ಕೇಳಿದ. ಆ ಮಾತು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹುಣಸೆಮರವನ್ನು ಮಾತ್ರ ಒಬ್ಬರೂ ನೋಡಿಲ್ಲ.

ನಾನು ಎದ್ದು ನಿಂತೆ. ಎಲೆಮನೆಗೆ ಬಿಸಿ ಕಡಿಮೆ ಮಾಡಿದ್ದೇನೆ, ತಂಪಿನಲ್ಲಿ ಗಿಡ ನಿಧಾನವಾಗಿ ಬಿಚ್ಚುತ್ತದೆ, ಅದು ಉಣ್ಣುವುದು ಬಲು ಸ್ವಲ್ಪ ಎಂದೆ. ಕಿತ್ತರೆ ನಾಳೆ ಬೆಳಕು ಬಂದಾಗ ಕಟ್ಟುವವರು ಯಾರು, ಬೀಜ ಬಿತ್ತಿ ಎಲೆ ತುಂಬುವವರೆಗೆ ಊರು ಮೂಗು ಹಿಡಿದುಕೊಂಡು ಕೂತಿರುತ್ತದೆಯೇ ಎಂದು ಕೇಳಿದೆ. ಅಣ್ಣ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

"ಹೊನ್ನೀ, ನನ್ ಮಗಳಿಗೆ ಉಸಿರೇ ಸಾಲ್ದೆ ಹೋದ್ರೆ ನಿನ್ ರಾಗಿ ಇಟ್ಕೊಂಡು ನಾನೇನವ್ವಾ ಮಾಡ್ಲಿ?"

ಆ ಮಾತಿಗೆ ಸಭೆ ಕರಗಿತು. ಅರ್ಧ ಕೀಳುವುದು, ಅರ್ಧ ಉಳಿಸುವುದು ಎಂದು ತೀರ್ಮಾನವಾಯಿತು. ಹಸುರು ಪೈರನ್ನು ಬೇರುಸಹಿತ ಎಳೆದು ಖಾಲಿ ಉಗ್ರಾಣದಲ್ಲಿ ರಾಶಿ ಹಾಕಿದರು. ನಾನು ಅತ್ತೆ. ಅವರೆ ಹೂ ಬಿಟ್ಟಿತ್ತು.

ಮುಳ್ಳು ಇಳಿಯುವುದು ನಿಧಾನವಾಗಬೇಕಿತ್ತಲ್ಲ? ಆಗಲಿಲ್ಲ, ಇನ್ನೂ ಜೋರಾಯಿತು. ಎಲ್ಲೋ ಗಾಳಿ ಸೋರುತ್ತಿದೆ ಎಂದು ಅಣ್ಣ ಗೋಡೆ ಗೋಡೆಗೆ ಸಾಬೂನು ನೀರು ಹಚ್ಚಿ ಗುಳ್ಳೆ ಹುಡುಕಿದ. ಒಂದು ಗುಳ್ಳೆಯೂ ಏಳಲಿಲ್ಲ. ಜನರಿಗೆ ತಲೆನೋವು, ಮಕ್ಕಳಿಗೆ ತೂಕಡಿಕೆ. ರಾಶಿಯಲ್ಲಿ ಬಲಿತ ತೆನೆಯೇನಾದರೂ ಇದ್ದರೆ ಬೀಜಕ್ಕಾದೀತು ಎಂದು ನಾನು ಉಗ್ರಾಣಕ್ಕೆ ಹೋಗಿ ಕೈ ತೂರಿಸಿದೆ. ಒಳಗೆ ಕೈ ಸುಡುವಷ್ಟು ಬಿಸಿಯಿತ್ತು.

ಹಿತ್ತಿಲಲ್ಲಿ ತಿಪ್ಪೆ ಇಟ್ಟುಕೊಂಡವರು ನೀವು, ಅದು ಏಕೆ ಹೊಗೆಯಾಡುತ್ತದೆ ಎಂದು ನಿಮಗೆ ಗೊತ್ತು. ನಮಗೆ ತಿಪ್ಪೆಯಿಲ್ಲ. ಇಲ್ಲಿ ಒಣಗಿದ ಎಲೆಯನ್ನು ಅಷ್ಟಷ್ಟೇ ಮಣ್ಣಿಗೆ ಬೆರೆಸುತ್ತೇವೆ, ಇಷ್ಟು ಹಸಿಯನ್ನು ಒಟ್ಟಿಗೆ ರಾಶಿ ಹಾಕಿದ ನೆನಪು ಊರಿಗೇ ಇರಲಿಲ್ಲ. ಜೀವವಿದ್ದಷ್ಟು ದಿನ ಗಿಡ ತನ್ನ ಬುತ್ತಿಯನ್ನು ತಾನೇ ಕಾಯುತ್ತದೆ, ಹಸಿವಿಗೆ ಬೇಕಾದಷ್ಟೇ ಬಿಚ್ಚುತ್ತದೆ. ಸತ್ತ ಮೇಲೆ ಕಾಯುವವರಿಲ್ಲ. ಕಣ್ಣಿಗೆ ಕಾಣದ ಬೂಷ್ಟು, ಬ್ಯಾಕ್ಟೀರಿಯ ಎಲ್ಲ ಸೇರಿ ಒಂದು ಬೆಳೆಯ ಬುತ್ತಿಯನ್ನು ಒಂದೇ ಸಲಕ್ಕೆ ಬಿಚ್ಚತೊಡಗಿದ್ದವು. ಬಿಚ್ಚಲು ಅವೂ ಹಿಡಿದದ್ದು ಸುರಗಿಗೆಂದು ಉಳಿಸಲು ಹೊರಟಿದ್ದ ಆಮ್ಲಜನಕವನ್ನೇ. ಅಣ್ಣನನ್ನು ಕರೆದು ಅವನ ಕೈಯನ್ನೂ ರಾಶಿಯೊಳಗೆ ಇಟ್ಟೆ. ಅವನು ಬಹಳ ಹೊತ್ತು ಕೈ ತೆಗೆಯಲಿಲ್ಲ.

ರಾಶಿಯನ್ನೆಲ್ಲ, ಒಂದು ಮುಚ್ಚಿದ ಮೇಲಷ್ಟೇ ಇನ್ನೊಂದು ತೆರೆಯುವ ಜೋಡಿಬಾಗಿಲ ಮೂಲಕ ಹೊರಗಿನ ಚಳಿಗೆ ಹಾಕಿದೆವು, ಅಲ್ಲಿ ಅದು ಕಲ್ಲಾಯಿತು. ಆದರೆ ಹೋದ ಉಸಿರು ಹೋಯಿತು, ಮುಳ್ಳು ಕೆಂಪು ಗೆರೆ ದಾಟಿತ್ತು. ಆಗ ಸಭೆಯಲ್ಲಿ ಕೆಲವರು ಉಳಿದರ್ಧವನ್ನೂ ಕಿತ್ತು ಈ ಸಲ ನೇರ ಹೊರಗೇ ಹಾಕೋಣ ಎಂದರು. ಲೆಕ್ಕಕ್ಕೆ ತಪ್ಪಲ್ಲ. ಸುರಗಿ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ಗಿಡ ಕೀಳ್ಬೇಡಿ. ಈ ಮಗು ಹುಟ್ಟಿದ್ಮೇಲೂ ಉಸಿರಾಡ್ಬೇಕಲ್ವಾ?"

ಅವಳು ಅಷ್ಟೇ ಹೇಳಿದ್ದು. ಉಣ್ಣುವ ಬಾಯಿ ಕಡಿಮೆ ಮಾಡುವ ಬದಲು ನಾವೇ ಕಡಿಮೆ ಉಣ್ಣೋಣ ಎಂದು ನನಗೆ ಹೊಳೆದದ್ದು ಆಗಲೇ. ದುಡಿಯುವ ಮೈ ಬೇಗ ಬೇಗ ಬಿಚ್ಚುತ್ತದೆ, ಮಲಗಿದ ಮೈ ನಿಧಾನ. ಸೂಲಗಿತ್ತಿಯನ್ನೂ ಸುರಗಿಯನ್ನೂ ಬಿಟ್ಟು ಇಡೀ ಊರು ಮಲಗಬೇಕು ಎಂದೆ. ಕೆಲಸವಿಲ್ಲ, ಆಟವಿಲ್ಲ, ಹಾಡಿಲ್ಲ. ಇದಕ್ಕೆ ಮಲಗುಪಾಳಿ ಎಂದು ಹೆಸರಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಮಾತಾಡದೆ ಇರುವುದು. ಕನ್ನಡದವರಿಗೆ ಉಸಿರು ಬಿಡುವುದಾದರೂ ಸುಲಭ, ಮಾತು ಬಿಡುವುದು ಕಷ್ಟ.

ಹೆರಿಗೆಯ ಕೋಣೆಯ ಸುತ್ತಲಿನ ಗಾಳಿ ಅವಳಿಗೇ ಇರಲಿ ಎಂದು ನಾವೆಲ್ಲ ಎಲೆಮನೆಗೆ ಹೋಗಿ ಸಾಲುಗಳ ನಡುವೆ ಕಂಬಳಿ ಹೊದ್ದು ಮಲಗಿದೆವು. ಅಣ್ಣ ಬಾಗಿಲಲ್ಲೇ ನಿಂತ. ಕತ್ತಲಲ್ಲಿ ಎಲೆಯ ಕೆಳಗೆ ಮಲಗಲು ಅವನಿಗೆ ಮನಸ್ಸು ಬರಲಿಲ್ಲ, ನಿಮ್ಮ ಮಾತು ಅಷ್ಟು ಆಳಕ್ಕೆ ಹೋಗಿತ್ತು. ನಾನು ಕೈ ಹಿಡಿದು ಎಳೆದೆ. ಬಂದು ರಾಗಿಯ ಬುಡದಲ್ಲಿ ಒರಗಿದ. ಆ ಚಳಿಯಲ್ಲಿ, ಆ ಕೆಂಪು ಮಬ್ಬಿನಲ್ಲಿ, ಸುರಗಿ ನರಳುವ ದನಿಯೊಂದೇ ಇಡೀ ಗುಡ್ಡದಲ್ಲಿ ಕೇಳುತ್ತಿತ್ತು. ಎದ್ದು ಓಡಬೇಕೆಂದು ನನ್ನ ಕಾಲು ತುಡಿಯುತ್ತಿತ್ತು. ಏಳದೆ ಇರುವುದೇ ನಾನು ಅವಳಿಗೆ ಮಾಡಬಹುದಾದ ಉಪಕಾರ ಎಂದು ಹಲ್ಲು ಕಚ್ಚಿ ಮಲಗಿದ್ದೆ. ಕೊನೆಗೆ ಕೂಸು ಅತ್ತಿತು. ಬೇಕಾದಷ್ಟು ಉಸಿರು ಖರ್ಚು ಮಾಡಿ, ಯಾರ ಅಪ್ಪಣೆಯನ್ನೂ ಕೇಳದೆ ಅತ್ತಿತು. ನಾವು ಮಲಗಿದಲ್ಲೇ ಅತ್ತೆವು.

ಅದಾದ ಮೇಲೂ ಕೆಲವು ದಿನ ಮಲಗುಪಾಳಿ ನಡೆಯಿತು. ಆಮೇಲೊಂದು ಬೆಳಿಗ್ಗೆ ಗಾಜಿನ ಮೇಲೆ ತೆಳ್ಳಗೆ ಬಿಸಿಲು ಬಿತ್ತು. ಉಳಿದರ್ಧದ ಎಲೆಗಳು ಹಳದಿಗೆ ತಿರುಗಿ ಜೋತುಬಿದ್ದಿದ್ದವು, ಸತ್ತಿರಲಿಲ್ಲ. ಅವು ಮತ್ತೆ ಕಟ್ಟತೊಡಗಿದವು. ನಾನೂ ಅಣ್ಣನೂ ಮುಳ್ಳಿನ ಮುಂದೆ ಕೂತೆವು. ಮೊದಲು ಇಳಿಯುವುದು ನಿಂತಿತು. ಮುಂದಿನ ದಿನಗಳಲ್ಲಿ, ಬೇಕೋ ಬೇಡವೋ ಎನ್ನುವ ಹಾಗೆ ಮೇಲಕ್ಕೆ ಏರಿತು. ಅರ್ಧ ಹೊಟ್ಟೆಯಲ್ಲಿ ಆ ವರ್ಷ ಕಳೆದೆವು, ಆದರೆ ಕಳೆದೆವು.

ಈಗ ನನ್ನ ತಕರಾರು. ನೀವು ಸುಳ್ಳು ಹೇಳಲಿಲ್ಲ, ಅರ್ಧ ಹೇಳಿದಿರಿ. ರಾತ್ರಿ ಮರ ಉಸಿರು ತೆಗೆದುಕೊಳ್ಳುತ್ತದೆ ಎಂದು ಹೇಳಿದವರು, ಅದು ತೆಗೆದುಕೊಳ್ಳುವುದು ಚೂರು, ಹಗಲಲ್ಲಿ ಕೊಟ್ಟದ್ದು ರಾಶಿ ಎಂದು ಸೇರಿಸಬಾರದಿತ್ತೇ? ನಿಮಗೇನು, ಅರ್ಧ ಮಾತಿನಲ್ಲೂ ಬದುಕುತ್ತೀರಿ. ಬಾಗಿಲು ತೆರೆದರೆ ಲೋಕದ ಗಾಳಿಯೆಲ್ಲ ನಿಮ್ಮದು. ಆದರೆ ನಮ್ಮನ್ನು ಈ ಗುಡ್ಡಕ್ಕೆ ಕಳಿಸುವವರು ನಿಮ್ಮ ಮನೆಯಲ್ಲೇ ಹುಟ್ಟುತ್ತಾರೆ. ನಿಮ್ಮ ಮಗು ಮರದ ಮಾತು ಕೇಳಿದಾಗ ಪೂರ್ತಿ ಹೇಳಿ. ಎಲೆಯೂ ಉಣ್ಣುತ್ತದೆ, ಉಂಡದ್ದಕ್ಕಿಂತ ಹೆಚ್ಚು ಕಟ್ಟುತ್ತದೆ, ಆ ಹೆಚ್ಚಿನಲ್ಲಿ ನಾವು ಬದುಕುತ್ತೇವೆ. ಕತ್ತಲಾದಾಗ ಅದನ್ನು ಕೀಳಬೇಡ, ನೀನು ಸ್ವಲ್ಪ ತೆಪ್ಪಗಿರು. ಇಷ್ಟು ಕಲಿಸಿ, ಸಾಕು. ನಾನಂತೂ ಇಲ್ಲಿ ಒಂದು ಮಗುವನ್ನೂ ಇದನ್ನು ಕಲಿಯದೆ ಬಾಗಿಲು ದಾಟಲು ಬಿಡುವುದಿಲ್ಲ.

ಕೂಸಿಗೆ ಹೆಸರಿಡುವ ದಿನ ಸುರಗಿ ತನ್ನ ಅಪ್ಪನನ್ನೇ ಕೇಳಿದಳು. ಅವನು ನನ್ನ ಕಡೆ ನೋಡಲಿಲ್ಲ, ತೊಟ್ಟಿಲ ಕಡೆ ಬಗ್ಗಿದ.

"ಹುಣಸೆ ಅಂತಿಡ್ರವ್ವ."

ಈಗ ಹುಣಸೆಗೆ ನಡೆಯಲು ಬರುತ್ತದೆ, ಹಟಕ್ಕೆ ನನ್ನನ್ನೇ ಹೋಲುತ್ತಾಳೆ. ದೀಪ ಆರಿದ ಮೇಲೆ ಅವಳಿಗೆ ಮನೆಯೊಳಗೆ ನಿದ್ದೆ ಬರುವುದಿಲ್ಲ. ಅಜ್ಜನ ಕೈ ಹಿಡಿದು ಎಲೆಮನೆಗೆ ಎಳೆದುಕೊಂಡು ಬರುತ್ತಾಳೆ. ಹಬ್ಬದ ಎಡೆ ಇಟ್ಟು ನಾನು ಈ ಕಾಗದ ಮುಗಿಸುತ್ತಿರುವಾಗ, ಅಜ್ಜ ಮೊಮ್ಮಗಳು ಇಬ್ಬರೂ ರಾಗಿಯ ಬುಡದಲ್ಲಿ ಕಂಬಳಿ ಹೊದ್ದು ಮಲಗಿದ್ದಾರೆ. ಗಿಡವೂ ಅವರೂ ಒಂದೇ ಗಾಳಿಯನ್ನು ಉಸಿರಾಡುತ್ತಿದ್ದಾರೆ.

ಇತಿ, ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಹೊನ್ನೆ