ಪುಟ್ಟಿಯ ನಿದ್ದೆ, ನಿಮ್ಮ ಹೊಲಿಗೆ ಮಿಷನ್

ರೀ,

ಪುಟ್ಟಿಯ ರಕ್ತಪರೀಕ್ಷೆಯ ರಿಪೋರ್ಟ್ ಬಂತು, ಅವಳು ದಪ್ಪ ಆಗ್ತಿರೋದಕ್ಕೆ ಯಾವ ಕಾಯಿಲೆಯೂ ಕಾರಣ ಅಲ್ಲ. ಎದೆ ಮೇಲಿನ ಕಲ್ಲು ಇಳಿಸಿದ ಹಾಗಾಯ್ತು.

"ನಮ್ಮ ವಂಶವೇ ದಪ್ಪ, ಡಾಕ್ಟ್ರೇ" ಅಂದೆ.

"ವಂಶದ ಜೀನು ಹಣೆಬರಹ ಅಲ್ಲಮ್ಮ. ನಿದ್ದೆಗೆಟ್ಟರೆ ಹಸಿವಿನ, ಕೊಬ್ಬಿನ ಜೀನುಗಳು ಕೆಲಸ ಮಾಡೋ ರೀತಿಯೇ ಬದಲಾಗಬಹುದು. ಮಗು ಸರಿಯಾಗಿ ನಿದ್ದೆ ಮಾಡುತ್ತಾ?" ಅಂದ್ರು.

ರಾತ್ರಿಯೆಲ್ಲ ಅವಳ ಮಂಚದ ಪಕ್ಕ ಕಟಕಟ ಅನ್ನೋ ನಿಮ್ಮ ಮಿಷನ್ ನೆನಪಾಯ್ತು.

ಅದನ್ನ ಇವತ್ತೇ ಹಜಾರಕ್ಕೆ ಸಾಗಿಸಿ. ಬಟ್ಟೆ ತಡವಾಯ್ತು ಅಂತ ಗೊಣಗೋ ಗಿರಾಕಿಗಳನ್ನ ನನ್ನ ಹತ್ರ ಕಳಿಸಿ. ಇನ್ಮೇಲೆ ಅವಳ ತಟ್ಟೆಯ ತುತ್ತು ಎಣಿಸಬೇಡಿ.

ಈಗ ಮಲಗಿದ್ದಾಳೆ, ಎಬ್ಬಿಸಬೇಡಿ. ನಾನು ಡ್ಯೂಟಿಗೆ ಹೊರಟೆ.

ಡಾಕ್ಟ್ರ ಹತ್ರದಿಂದ ಬರೋ ದಾರೀಲಿ ಕೇಳಿದ್ಲು, "ಹಾಗಾದ್ರೆ ನಾನು ಹೊಟ್ಟೆಬಾಕಿ ಅಲ್ವಾಮ್ಮಾ?" ಅಂತ. ಅಲ್ಲ ಕಂದಾ ಅಂದೆ. ನಿಮ್ಮ ಬಾಯಿಂದಲೂ ಕೇಳಬೇಕಂತೆ.