ಇವತ್ತಾದರೂ ಎಡಗಾಲಿಗೆ ಕಟ್ಟಿಕೋ

ಅಜ್ಜೀ,

ಲ್ಯಾಬಿಗೆ ಹೊರಟೆ. ನಡಿಗೆ ಅಳೆಯುವ ಮಂಡಿಯ ಬೆಲ್ಟು ಮೇಜಿನ ಮೇಲಿದೆ, ಚಾರ್ಜ್ ಮಾಡಿಟ್ಟಿದ್ದೇನೆ. ಇವತ್ತು ಎಡಗಾಲಿಗೆ ಕಟ್ಟಿಕೋ. ಎಡಗಾಲು ಅಂದರೆ ಏಳುವಾಗೆಲ್ಲ ನೀನು ಬೈಯುವ ಕಾಲು.

ನಿನ್ನೆ ನಮ್ಮ ಪ್ರೊಫೆಸರು ಬೆಲ್ಟಿನ ಅಳತೆ ನೋಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, "ಏ...ನಮ್ಮಾ, ಸವೆದ ಮಂಡಿಯ ನಡಿಗೆ ಅಳೀತೀನಿ ಅಂದಿದ್ದೆ. ಇದು ಕವಾಯತು ಮಾಡೋ ಪೊಲೀಸನ ನಡಿಗೆ ಇದ್ದಂಗಿದೆಯಲ್ಲಾ!" ಅಂದರು. ಇಡೀ ಲ್ಯಾಬು ನಕ್ಕಿತು. ವಾರವಿಡೀ ನೀನು ಬೆಲ್ಟನ್ನು ಬಲಗಾಲಿಗೆ ಕಟ್ಟಿದ್ದೆ ಅಂತ ಸಂಜೆ ತಿಳೀತು. ಕೇಳಿದರೆ, "ಮೊಮ್ಮಗಳ ಪರೀಕ್ಷೆಗೆ ಕೆಟ್ಟ ಕಾಲು ಕೊಡೋಕಾಗುತ್ತಾ?" ಅಂತ ನನ್ನನ್ನೇ ದಬಾಯಿಸಿದೆ. ಮಹಾತಾಯಿ, ನನ್ನ ಬಯೋಮೆಡಿಕಲ್ ಎಂಟೆಕ್ಕು ನಿಂತಿರೋದೇ ಆ ಕೆಟ್ಟ ಕಾಲಿನ ಮೇಲೆ! ನಾಳೆ ಬೆಳಿಗ್ಗೆ ಸರಿಯಾದ ಅಳತೆ ತೋರಿಸದಿದ್ದರೆ ಇನ್ನೊಂದು ವರ್ಷ ಅಲ್ಲೇ ಕೂರಬೇಕು.

ಬೆಲ್ಟಿನ ಹಸಿರು ದೀಪ ಹತ್ತಿದ ಮೇಲೆ ಅಡುಗೆಮನೆಯಿಂದ ಬಾಗಿಲ ತನಕ ಇಪ್ಪತ್ತು ಸಲ ನಡಿ. ನಡುವೆ ಕೂತು ಸುಧಾರಿಸಿಕೋ. ಕುಂಟಬೇಕೆನಿಸಿದರೆ ಕುಂಟು, ಅಯ್ಯಮ್ಮಾ ಅನ್ನಬೇಕೆನಿಸಿದರೆ ಅನ್ನು. ನಾನು ಅಣಕಿಸಲ್ಲ, ನಿನ್ನಾಣೆ. ಪಕ್ಕದ ಮನೆಯಾಕೆ ಬಂದರೆ ಮಾತ್ರ ಬಾಗಿಲು ತೆಗೀಬೇಡ. ಆಕೆಯನ್ನು ಕಂಡರೆ ನೀನು ನೆಟ್ಟಗಾಗಿಬಿಡ್ತೀಯ.

ನಾನು ಕೇಳಿದಾಗೆಲ್ಲ "ಏನೂ ನೋವಿಲ್ಲ ಕಣೇ" ಅಂತೀಯಲ್ಲ, ಸಂಜೆ ಬಂದು ಬೆಲ್ಟನ್ನೇ ಕೇಳ್ತೀನಿ. ಅದಕ್ಕೆ ನಿನ್ನ ಹಾಗೆ ಸುಳ್ಳು ಹೇಳೋಕೆ ಬರಲ್ಲ. ಅದು ನೋವಿದೆ ಅಂದರೆ ನಾಡಿದ್ದೇ ಡಾಕ್ಟರ ಹತ್ತಿರ ಹೋಗೋದು.

ಅಲ್ಲೂ ಎಡಗಾಲನ್ನೇ ತೋರಿಸು.